ನಾನು ಫೇಲು ಮಾಡಿದ ಉಸ್ತಾದರು

ನಮ್ಮ ಉಸ್ತಾದರು ನಿವೃತ್ತರಾಗಿ ಎರಡು ತಿಂಗಳಾಯಿತು. ಮಕ್ತಲ್‌ನಿಂದ ಗದ್ವಾಲದವರೆಗೆ ಅವರ ಹೆಸರೆತ್ತಿದವರೆಲ್ಲ ಕೊನೆಗೆ ನನ್ನ ಕಡೆ ತಿರುಗಿ ಒಂದೇ ಮಾತು ಹೇಳುತ್ತಾರೆ: "ಅಂಥಾ ಮನಷ್ಯಾನ್ನ ಫೇಲ್ ಮಾಡಿದಾಕಿ ಈಕಿನ ನೋಡ್ರಿ." ಹೌದು, ನಾನೇ. ನಾಚಿಕೆಯೇನೂ ಇಲ್ಲ. ಆದರೆ ಆ ಸುದ್ದಿ ಅರ್ಧಂಬರ್ಧ ಹಬ್ಬಿ, ರಾಜೋಳಿ ಊರಿನವರ ಬಾಯಲ್ಲಿ ನಾನು ಗುರುದ್ರೋಹಿಯೂ ವಡ್ಡೆಪಲ್ಲಿಯವರ ಬಾಯಲ್ಲಿ ತಲೆತಿರುಕಿಯೂ ಆಗಿಬಿಟ್ಟಿರುವುದರಿಂದ, ಪೂರ್ತಿ ಬರೆದುಬಿಡುವುದೇ ಒಳ್ಳೆಯದು ಅನ್ನಿಸಿತು.

ಉಸ್ತಾದರು ಎಂದರೆ ಕುಸ್ತಿಯವರಲ್ಲ, ಹಾಡಿನವರೂ ಅಲ್ಲ. ಮರ ಕೊಯ್ಯುವ ಮಿಷನ್ ಹಿಡಿಯಲು ಕಲಿಸುವವರು. ನೀಲಗಿರಿ ತೋಪಿನ ಕಟಾವು ಇರಲಿ, ಕಾಲುವೆ ದಂಡೆಯ ಸರ್ಕಾರಿ ಜಾಲಿ ಸವರುವುದಿರಲಿ, ನಾರಾಯಣಪೇಟೆ, ಗದ್ವಾಲ ಈ ನಮ್ಮ ಎರಡು ಜಿಲ್ಲೆಯಲ್ಲಿ ಆ ಕೆಲಸಕ್ಕೆ ಹೋಗುವವರು ಮೊದಲು ಮಕ್ತಲ್ ಹೊರಗಿನ ತರಬೇತಿ ಶೆಡ್ಡಿಗೆ ಬಂದು, ಇಪ್ಪತ್ತು ದಿನ ಕಲಿತು, ಉಸ್ತಾದರ ಮುಂದೆ ಪರೀಕ್ಷೆ ಕೊಟ್ಟು, ಅವರ ಸಹಿಯ ಪತ್ರ ತೆಗೆದುಕೊಂಡು ಹೋಗಬೇಕು. ಪತ್ರವಿಲ್ಲದವರನ್ನು ಗುತ್ತೇದಾರರು ತೋಪಿನೊಳಗೆ ಬಿಡುವುದಿಲ್ಲ. ಪತ್ರವಿದ್ದರೆ ಆಪರೇಟರ್, ಇಲ್ಲದಿದ್ದರೆ ಕಡಿದ ಕೊಂಬೆ ಹೊರುವ ಕೂಲಿ. ಅಷ್ಟು ಸರಳ.

ಅವರದು ಲಿಂಗವಂತರ ಮನೆತನ, ಬೀಗತನವೆಲ್ಲ ರಾಯಚೂರು ಕಡೆ. ಹಣೆಯ ಮೇಲಿನ ಮೂರು ಬೆರಳಿನ ವಿಭೂತಿ ಮುಂಜಾನೆ ಎಂಟಕ್ಕೆ ಅಚ್ಚ ಬಿಳುಪಾಗಿ ಇರುತ್ತಿತ್ತು. ಹನ್ನೊಂದಕ್ಕೆ ಹೆಲ್ಮೆಟ್ ತೆಗೆದರೆ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು. ಮನೆಯಲ್ಲಿ ಕನ್ನಡ, ಕಲಿಯಲು ಬಂದವರ ಜೊತೆ ಹೆಚ್ಚಾಗಿ ತೆಲುಗು, ಮಿಷನ್ನಿನ ಜೊತೆ ಮಾತ್ರ ಉರ್ದು. ಅದು ಚಾಲೂ ಆಗದೆ ಹಠ ಮಾಡಿದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಕ್ಯಾ ಹುವಾ ಮಿಯಾ? ತಬಿಯತ್ ಠೀಕ್ ನಹೀ?" ಎಂದು ಮೈಗೆ ಹುಷಾರಿಲ್ಲದವರನ್ನು ಕೇಳುವಂತೆ ವಿಚಾರಿಸುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ಗದ್ವಾಲದ ಒಬ್ಬ ಮುಸಲ್ಮಾನ ಮೆಕ್ಯಾನಿಕ್ ಅವರಿಗೆ ಈ ವಿದ್ಯೆ ಕಲಿಸಿದ್ದರಂತೆ. ಮಿಷನ್ನಿಗೆ ಆ ಮೆಕ್ಯಾನಿಕ್ಕರ ಭಾಷೆಯೇ ತಿಳಿಯುತ್ತದೆ ಎಂದು ಇವರ ನಂಬಿಕೆ. ಉಸ್ತಾದ್ ಎಂಬ ಹೆಸರೂ ಅಲ್ಲಿಂದಲೇ ಅಂಟಿಕೊಂಡದ್ದು. ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ನಾನು ಆ ಶೆಡ್ಡಿಗೆ ಹೋದದ್ದು ಪಕ್ಕದ ನರ್ಸರಿಯಿಂದ. ಕರಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ ಸಾಲಾಗಿ ಇಡುವುದು ನನ್ನ ಕೆಲಸ. ವರ್ಷಗಟ್ಟಲೆ ತುಂಬಿದೆ. ಮಿಷನ್ನಿನ ಸದ್ದು ದಿನಾ ಕಿವಿಗೆ ಬೀಳುತ್ತಿತ್ತು. ಒಂದು ದಿನ ತಡೆಯಲಾರದೆ ಮಣ್ಣಿನ ಕೈಯಲ್ಲೇ ಎದ್ದು ಹೋಗಿ, "ಹೆಣ್ಮಕ್ಕಳಿಗೆ ಕಲಸ್ತೀರೇನ್ರೀ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಹಿಡಿದೋರು ಹೆಣ್ಣೋ ಗಂಡೋ ಅಂತ ಮಿಷನ್ನಿಗೇನ್ ಗೊತ್ತಾಗ್ತೈತಿ ಯವ್ವಾ? ನಾಳೆ ಮುಂಜಾನೆ ಬಾ. ಸೀರಿ ನಡಿಯಂಗಿಲ್ಲ, ಪ್ಯಾಂಟ್ ಹಾಕ್ಕೊಂಡು ಬಾ."

ಪ್ಯಾಂಟು ಎಲ್ಲಿಂದ ತರಲಿ? ಗಂಡನದನ್ನೇ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೋದೆ. ನರ್ಸರಿಯ ಹೆಂಗಸರು ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯ ದಿನ ಅವರಲ್ಲೇ ಇಬ್ಬರು ತಮ್ಮ ಗಂಡಂದಿರ ಪ್ಯಾಂಟು ಹಾಕಿಕೊಂಡು ಬಂದರು.

ಈ ಮನುಷ್ಯ ನನ್ನನ್ನು ಎರಡು ಸಲ ಫೇಲು ಮಾಡಿದರು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಸೇಡು ತೀರಿಸಿಕೊಂಡೆ ಅನ್ನುವವರಿಗೆ ಸುಮ್ಮನೆ ಅವಕಾಶವಾಗುತ್ತದೆ. ಮೊದಲ ಸಲ ಅರದ ಕೆಲಸದಲ್ಲಿ. ಮಿಷನ್ನಿನ ಸರಪಳಿಗೆ ಹಲ್ಲುಗಳಿರುತ್ತವೆ, ಅವನ್ನು ಅರ ಹಾಕಿ ಉಜ್ಜಿ ಹರಿತ ಮಾಡಬೇಕು, ಎಡಬಲ ಎರಡೂ ಕಡೆಯ ಹಲ್ಲು ಒಂದೇ ಸಮ ಇರಬೇಕು. ನಾನು ಬಲದ ಹಲ್ಲನ್ನು ಜೋರಾಗಿ ಉಜ್ಜಿ, ಎಡದ್ದನ್ನು ಮುದ್ದು ಮಾಡಿ ಬಿಟ್ಟಿದ್ದೆ. ಕೊಯ್ದರೆ ಕೊಯ್ತ ಬಾಳೆಹಣ್ಣಿನ ಹಾಗೆ ಬಾಗಿತು. ಎರಡನೆಯ ಸಲ ಹಲ್ಲೂ ಸಮ, ಕೊಯ್ತವೂ ನೇರ, ಮರ ಬಿದ್ದದ್ದೂ ನಾನು ಹೇಳಿದ ಕಡೆಗೇ. ಆದರೆ ಮರ ಬೀಳುವಾಗ ಹಿಂದೆ ಸರಿಯುವ ದಾರಿಯನ್ನು ಮೊದಲೇ ಸವರಿಕೊಂಡಿರಲಿಲ್ಲ. ಜಾಲಿಮುಳ್ಳಿಗೆ ಪ್ಯಾಂಟು ಸಿಕ್ಕಿಕೊಂಡು ನಿಂತಲ್ಲೇ ನಿಂತುಬಿಟ್ಟೆ.

"ಏನೂ ಆಗ್ಲಿಲ್ಲಲ್ರೀ!" ಎಂದು ಕೂಗಾಡಿದೆ.

"ಏನೂ ಆಗ್ಲಿಲ್ಲ ಅಂದ್ರ ಅದು ದೇವರು ಮಾಡಿದ ಕೆಲಸ, ನೀ ಮಾಡಿದ್ದಲ್ಲ. ಪತ್ರ ನಿನ್ನ ಹೆಸರಿಗೆ ಬರಿಬೇಕು ನಾನು, ದೇವರ ಹೆಸರಿಗಲ್ಲ."

ಶೆಡ್ಡಿನ ಹಿಂದೆ ಹೋಗಿ ಅತ್ತೆ. ಸ್ವಲ್ಪ ಹೊತ್ತಿಗೆ ಉಸ್ತಾದರು ಒಂದು ಲೋಟ ಮಜ್ಜಿಗೆ ತಂದು ಕಲ್ಲಿನ ಮೇಲಿಟ್ಟು, "ಅಳೋದಿದ್ರ ಅತ್ತು ಮುಗಸು ತಂಗಿ. ಸೋಮವಾರದಿಂದ ಮತ್ತ ಮೊದಲಿಂದ" ಎಂದು ಹೋದರು. ಸಮಾಧಾನದ ಮಾತು ಅಷ್ಟೇ. ಆ ದಿನ ಅವರ ಮೇಲೆ ನನಗೆ ಬಂದ ಸಿಟ್ಟು ಇನ್ನಾರ ಮೇಲೂ ಬಂದದ್ದಿಲ್ಲ.

ಮೂರನೆಯ ಸಲ ಪಾಸಾದೆ. ಶುರುವಿನಿಂದ ಲೆಕ್ಕ ಹಿಡಿದರೆ, ಪರೀಕ್ಷೆಯ ಸರದಿ ಕಾದದ್ದೂ ಸೇರಿ, ಐದು ತಿಂಗಳು. ಅವರು ಸಹಿ ಮಾಡುವ ರೀತಿಯೇ ಬೇರೆ. ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆಯುವರು, ಒರೆಸುವರು, ಕನ್ನಡಕ ಏರಿಸುವರು, ಪತ್ರದ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುವರು. ಆಮೇಲೆ ಎದುರಿಗೆ ನಿಂತವರ ಕಣ್ಣಲ್ಲಿ ಕಣ್ಣಿಟ್ಟು, "ಇನ್ನ ಮ್ಯಾಲ ನೀ ತಪ್ಪಿದ್ರ ನಾ ತಪ್ಪಿದಂಗ. ಗೊತ್ತಾತಿಲ್ಲೋ?" ಅನ್ನುವರು. ಗೊತ್ತಾಯಿತು ಅಂದ ಮೇಲೇ ಪೆನ್ನು ಕಾಗದಕ್ಕೆ ಮುಟ್ಟುವುದು.

ಒಮ್ಮೆ ದೊಡ್ಡ ಗುತ್ತೇದಾರರ ಕಡೆಯ ಒಬ್ಬ ದಷ್ಟಪುಷ್ಟ ಗೃಹಸ್ಥರು ಕಾರಿನಲ್ಲಿ ಬಂದರು. ಕಲಿಯಲು ಪುರಸೊತ್ತಿಲ್ಲ, ಪತ್ರ ಮಾತ್ರ ಬೇಕು. ಇಂಥವರು ಹೇಳಿದ್ದಾರೆ, ಅಂಥವರು ಫೋನು ಮಾಡುತ್ತಾರೆ ಎಂದೆಲ್ಲ ಶುರು ಮಾಡಿದರು. ಉಸ್ತಾದರು ಎಲ್ಲಕ್ಕೂ ಹೂಂಗುಟ್ಟಿ, "ಆತ್ರಿ, ಪತ್ರ ಬರಿತೀನಿ. ಹಂಗ ಒಂದ್ಸಲ ಮಿಷನ್ ಚಾಲೂ ಮಾಡಿ ಬಿಡ್ರಿ, ಶಾಸ್ತ್ರಕ್ಕ" ಅಂದರು. ಗೃಹಸ್ಥರು ತೋಳೇರಿಸಿ ದಾರ ಎಳೆದರು. ಎಳೆದೇ ಎಳೆದರು. ಮುಖ ಕೆಂಪಾಯಿತು, ಅಂಗಿ ಬೆನ್ನಿಗೆ ಅಂಟಿತು. ಸ್ವಿಚ್ಚು ಆಫ್ ಇತ್ತು ಎಂಬುದನ್ನು ಉಸ್ತಾದರು ಕೊನೆತನಕ ಹೇಳಲಿಲ್ಲ. ಅವರು ಹೋದ ಮೇಲೆ, "ಎಳಿಯೋದು ಛಲೋ ಎಳಿತಾನ, ಭಾವಿಗೆ ಹಚ್ಚಬೇಕು" ಅಂದರು.

ಇನ್ನೊಂದು ನೆನಪು ಆಯುಧಪೂಜೆಯದು. ನಮ್ಮ ಕಡೆ ಆ ದಿನ ಮಿಷನ್ನು ಕಂಡರೆ ಸಾಕು, ವಿಭೂತಿ ಬಳಿಯಬೇಕು, ಕುಂಕುಮ ಸುರಿಯಬೇಕು. ಉಂಡವಳ್ಳಿಯ ಒಬ್ಬ ಭಕ್ತ, ಒಳ್ಳೆಯ ಕೆಲಸಗಾರನೇ, ಹೊರಗೆ ಬಳಿದರೆ ಭಕ್ತಿ ಸಾಲದೆಂದು ಗಾಳಿ ಸೋಸುವ ಫಿಲ್ಟರಿನ ಮುಚ್ಚಳ ಬಿಚ್ಚಿ ಒಳಗೂ ಕುಂಕುಮ ತುಂಬಿದ. ಒಂದಕ್ಕಲ್ಲ, ಶೆಡ್ಡಿನಲ್ಲಿದ್ದ ಎಲ್ಲ ಮಿಷನ್ನಿಗೂ. ಮರುದಿನ ಒಂದೊಂದೂ ಗೂರಲು ಹಿಡಿದವರ ಹಾಗೆ ಕೆಮ್ಮಿ ಕೆಂಪು ಹೊಗೆ ಉಗುಳಿದವು. ಉಸ್ತಾದರು ಬೈಯಲಿಲ್ಲ. ಪೆಟ್ರೋಲು, ಸಣ್ಣ ಬ್ರಷ್ಷು ಅವನ ಕೈಗೆ ಕೊಟ್ಟು, ಎಲ್ಲವನ್ನೂ ತೊಳೆಸಿದರು. ಅವನು ತೊಳೆಯುತ್ತಿರುವಾಗ ಪಕ್ಕದಲ್ಲಿ ಕೂತು, "ದೇವರಿಗೆ ಉಸಿರಾಡಾಕ ಬೇಕಿಲ್ಲಪ್ಪ, ಮಿಷನ್ನಿಗೆ ಬೇಕು" ಅಂದರು. ತಾವು ಮಾತ್ರ ಪ್ರತಿವರ್ಷವೂ ಪೆಟ್ರೋಲ್ ಮುಚ್ಚಳದ ಮೇಲೆ ಒಂದು ಬೆರಳು ವಿಭೂತಿ ಇಡುತ್ತಿದ್ದರು. ಭಕ್ತಿಗೂ ಜಾಗ ಗೊತ್ತಿರಬೇಕು ಎಂಬುದು ಅವರ ತತ್ವ.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಕಲಿಸುವವರಿಗೂ ಸಾಮರ್ಥ್ಯ ಪತ್ರ ಇರಬೇಕು. ಅದಿಲ್ಲದವರು ಸಹಿ ಮಾಡಿದ ಪತ್ರಗಳೆಲ್ಲ ತಿಂಗಳ ಕೊನೆಗೆ ರದ್ದು. ಗುಮಾಸ್ತರು ಒಂದು ಫಾರಂ ಹಿಡಿದುಕೊಂಡು ಶೆಡ್ಡಿಗೆ ಬಂದು, "ಉಸ್ತಾದ್ರೀ, ನಿಮ್ಮ ಸರ್ಟಿಫಿಕೇಟ್ ನಂಬರ್ ಹೇಳ್ರಿ, ಬರ್ಕೊಂತೀನಿ" ಅಂದರು. ಉಸ್ತಾದರು ಎರಡೂ ಕೈ ಎತ್ತಿ ಬೆರಳು ಅಗಲಿಸಿ ತೋರಿಸಿದರು.

"ಮೂವತ್ತು ವರ್ಷ ಆತು. ಹತ್ತೂ ಅದಾವ. ಎಣಿಸ್ಕೋರಿ."

ಗುಮಾಸ್ತರು ನಕ್ಕರು, ಆದರೆ ಫಾರಮ್ಮಿನಲ್ಲಿ "ಇಲ್ಲ" ಎಂದೇ ಬರೆದುಕೊಂಡು ಹೋದರು. ಆಮೇಲೇ ನಮಗೆಲ್ಲ ಎದೆ ಧಸಕ್ಕೆಂದದ್ದು. ಇಷ್ಟು ವರ್ಷ ಊರಿಗೆಲ್ಲ ಪತ್ರ ಕೊಟ್ಟ ಮನುಷ್ಯನಿಗೆ ಒಂದು ಪತ್ರ ಇಲ್ಲ. ಅವರು ಕಲಿಯುವ ಕಾಲಕ್ಕೆ ಪತ್ರ ಕೊಡುವವರೇ ಇರಲಿಲ್ಲ, ಆಮೇಲೆ ಕೇಳುವವರು ಇರಲಿಲ್ಲ. ಈಗ ಅವರು ಪರೀಕ್ಷೆ ಕೊಟ್ಟು ಪಾಸಾಗದಿದ್ದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಉದ್ದಗಲಕ್ಕೂ ಅವರ ಸಹಿ ನಂಬಿ ಬದುಕುತ್ತಿದ್ದ ಆಪರೇಟರುಗಳೆಲ್ಲ ಮತ್ತೆ ಕೊಂಬೆ ಹೊರಬೇಕು. ನಾನೂ ಅದರಲ್ಲೊಬ್ಬಳು.

ಪರೀಕ್ಷೆ ಮಾಡುವವರು ಯಾರು? ಅಲ್ಲೇ ಇದ್ದದ್ದು ಪೇಚು. ಆ ವರ್ಷವೇ ನನ್ನನ್ನು ಪರೀಕ್ಷಕರ ತರಬೇತಿಗೆ ಕಳಿಸಿದ್ದರು. ಕಳಿಸಿದವರು ಉಸ್ತಾದರೇ, "ಆಕಿನ್ನ ಕಳಸ್ರಿ, ಆಕಿಗೆ ಬಾಯಿ ಐತಿ" ಎಂದು ತರಬೇತಿ ಕಚೇರಿಯ ಸಾಹೇಬರ ಹತ್ತಿರ ಹಠ ಹಿಡಿದು. ಎರಡೂ ಜಿಲ್ಲೆಗೆ ಕಾಗದದ ಪ್ರಕಾರ ಪರೀಕ್ಷಕಿ ಅಂತ ಇದ್ದವಳು ನಾನೊಬ್ಬಳೇ. ಅದುವರೆಗೆ ಒಂದು ಪರೀಕ್ಷೆಯನ್ನೂ ನಡೆಸಿರಲಿಲ್ಲ.

"ಅವರು ನನ್ನ ಗುರುಗಳು ಸಾಹೇಬ್ರೀ, ನಾ ಹ್ಯಾಂಗ ಪರೀಕ್ಷೆ ಮಾಡ್ಲಿ?" ಎಂದು ಕೇಳಿದೆ.

ಸಾಹೇಬರು ಒಳ್ಳೆಯವರು, ಅವಸರದವರು. "ಮಾಡೋದೇನೈತಮ್ಮ? ಅವರ ಕೆಲಸ ಯಾರಿಗೆ ಗೊತ್ತಿಲ್ಲ? ಫಾರಂ ತುಂಬಿ ಕಳಿಸಿಬಿಡು, ಮುಗೀತು" ಅಂದರು.

ಉಸ್ತಾದರು ಬಾಗಿಲಲ್ಲೇ ನಿಂತಿದ್ದರು. "ಮುಗಿಯಂಗಿಲ್ರೀ ಸಾಹೇಬ್ರ. ಕಣ್ಣೀಲೆ ನೋಡದ ಮಾಡಿದ್ದು ಸಹಿ ಅಲ್ಲ, ಗೀಚು. ನಾ ಒಂದೂ ಗೀಚಿಲ್ಲ. ನನಗೂ ಯಾರೂ ಗೀಚೋದು ಬ್ಯಾಡ. ಈಕಿ ಬರ್ಲಿ, ನೋಡ್ಲಿ, ಬರೀಲಿ." ಹೀಗೆ ಹೇಳಿ ಪರೀಕ್ಷೆಗೆ ಮರವನ್ನೂ ತಾವೇ ಆರಿಸಿದರು. ಗದ್ವಾಲದ ನರ್ಸರಿಯಲ್ಲಿ ಒಂದು ಹಳೆಯ ಬೇವಿನ ಮರ ಒಣಗಿ, ಹೆಂಗಸರು ಕೂತು ಚೀಲ ತುಂಬುವ ತಗಡಿನ ಶೆಡ್ಡಿನ ಮೇಲೆ ವಾಲಿಕೊಂಡಿತ್ತು. ಇನ್ನೊಂದು ಬದಿಗೆ ಕರೆಂಟಿನ ತಂತಿ. ಎರಡರ ನಡುವೆ ಒಂದು ಎತ್ತಿನ ಬಂಡಿ ಹೋಗುವಷ್ಟು ಜಾಗ. ಕಡಿಯಲು ಬಂದವರೆಲ್ಲ ನೋಡಿ, ತಲೆ ಕೆರೆದುಕೊಂಡು, ನಾಳೆ ಬರುತ್ತೇವೆಂದು ಹೋಗಿದ್ದರು. ಸಲೀಸಾದ ನೀಲಗಿರಿ ಸಾಲು ಅಲ್ಲೇ ಹಿಂದೆ ಇತ್ತು. "ನೀಲಗಿರಿ ಕೊಯ್ದು ತೋರ್ಸೋದು ಪರೀಕ್ಷಾ ಏನ್?" ಅಂದರು ಉಸ್ತಾದರು.

ಪರೀಕ್ಷೆಯ ದಿನ ಜಾತ್ರೆಯಂತೆ ಜನ. ಎಲ್ಲ ಅವರಿಂದಲೇ ಕಲಿತವರು. ನಾನು ಫಾರಂ ಹಚ್ಚಿದ ಹಲಗೆ ಎದೆಗವಚಿಕೊಂಡು, ಜನ ನುಗ್ಗದಂತೆ ಕಟ್ಟಿದ ಹಗ್ಗದ ಒಳಗೆ ನಿಂತಿದ್ದೆ. ಅವರು ಒಂದೊಂದನ್ನೂ ಮಾಡುತ್ತ ಬಂದರು, ನಾನು ಒಂದೊಂದಕ್ಕೂ ಗುರುತು ಹಾಕುತ್ತ ಬಂದೆ. ಹೆಲ್ಮೆಟ್ಟು, ಕಿವಿಯ ಮುಚ್ಚಳ, ತೊಡೆಗೆ ಕಟ್ಟುವ ದಪ್ಪ ಕವಚ, ಬೂಟು. ದೂರದಿಂದಲೇ ಮರದ ಸುತ್ತ ಮೂರು ಸುತ್ತು. ಹಿಂದೆ ಸರಿಯುವ ದಾರಿಯಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಸವರಿದರು. ಬೆಣೆಗಳನ್ನು ಕೈಗೆಟುಕುವಂತೆ ಜೋಡಿಸಿದರು.

ಆಮೇಲೆ ಒಂದು ಕೆಲಸ ಮಾಡಿದರು. ನಮ್ಮ ಕಡೆಯವರು ಯಾರಾದರೂ ಮಾಡುವಂಥದ್ದೇ. ಬೇವಿನ ಮರ ಎಂದರೆ ತಾಯಿ. ಬೇಡಿಕೊಳ್ಳುವ ಮೊದಲು ಆ ಬುಡಕ್ಕೆ ಕೆರ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ, ಕೊಡಲಿ ಹಿಡಿದು ಹೋಗುವಾಗಲಂತೂ ಇಲ್ಲವೇ ಇಲ್ಲ. ಉಸ್ತಾದರು ಕೂತು ಲೇಸು ಬಿಚ್ಚಿದರು. ಬೂಟು, ಸಾಕ್ಸು ತೆಗೆದು ಜೋಡಿಯಾಗಿ ಇಟ್ಟರು. ಬರಿಗಾಲಲ್ಲಿ ಹೋಗಿ ತೊಗಟೆಗೆ ಹಣೆ ಹಚ್ಚಿ, "ತಪ್ಪಾತು ತಾಯಿ, ಹೊಟ್ಟಿಗೆ ಹಾಕ್ಕೊ" ಅಂದರು. ಜನ ಎಲ್ಲ ಕೈ ಮುಗಿದರು. ಅವರು ಹಿಂದೆ ಬಂದು, ಹೆಲ್ಮೆಟ್ ಸರಿಮಾಡಿಕೊಂಡು, ಮಿಷನ್ ನೆಲಕ್ಕಿಟ್ಟು ದಾರ ಎಳೆದರು. ಒಂದೇ ಎಳೆತಕ್ಕೆ ಚಾಲೂ.

ಬೂಟು ಅಲ್ಲೇ ಇತ್ತು.

ಮೂವತ್ತು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಎಷ್ಟೋ ಬೇವು ಕೊಯ್ದಿದ್ದರು, ಕೈ ಮುಗಿದು ಬಂದು ಬೂಟು ಹಾಕಿಕೊಂಡೇ ಮಿಷನ್ ಮುಟ್ಟಿದ್ದರು. ಆದರೆ ಆ ಮೂವತ್ತು ವರ್ಷದಲ್ಲಿ ಅವರ ಮುಂದೆ ಹಲಗೆ ಹಿಡಿದು ಯಾರೂ ನಿಂತಿರಲಿಲ್ಲ. ಅಂಥ ಮನುಷ್ಯನಿಗೂ ಪರೀಕ್ಷೆ ಎಂದರೆ ಪರೀಕ್ಷೆಯೇ. ಸಾಕ್ಸಿನ ಗುರುತು ಬಿದ್ದ ಆ ಪಾದಗಳನ್ನು ನೋಡಿದೆ. ಫಾರಮ್ಮಿನ ಸಾಲು ನೋಡಿದೆ: ಕಾಲಿನ ರಕ್ಷಣೆಯಿಲ್ಲದೆ ಯಂತ್ರ ಚಾಲೂ ಮಾಡಿದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಅನುತ್ತೀರ್ಣ ಎಂದು ಬರೆಯುವುದು. ಕಣ್ಣು ಬೇರೆ ಕಡೆ ಹೊರಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ನನ್ನ ಸ್ವಂತ ಪತ್ರವೂ ಆ ಕಾಲಿನ ಕೆಳಗೇ ಇತ್ತು. ಆಪರೇಟರುಗಳ ಭಾಷೆಯಲ್ಲಿ ಹೇಳುವುದಾದರೆ, ಕೂತ ಕೊಂಬೆಯನ್ನು ನಾನೇ ಕೊಯ್ಯಬೇಕಿತ್ತು.

ಕೈ ಎತ್ತಿ ಕೂಗಿದೆ: "ನಿಲ್ಲಸ್ರೀ!"

ಅವರು ತಕ್ಷಣ ಆಫ್ ಮಾಡಿದರು. ಯಾಕೆ ಎಂಬಂತೆ ನನ್ನನ್ನು ನೋಡಿದರು. ನಾನು ಅವರ ಕಾಲು ನೋಡಿದೆ. ಅವರೂ ನೋಡಿಕೊಂಡರು. ಆಮೇಲೆ ಹೋಗಿ ಬೂಟಿನ ಪಕ್ಕ ನೆಲದ ಮೇಲೆ ಕೂತರು.

"ಬರಿ" ಅಂದರು.

ನನ್ನ ಕೈ ನಡುಗುತ್ತಿತ್ತು. "ಉಸ್ತಾದ್ರೀ..." ಅಂದೆ.

"ಕೈ ನಡಗೋವಾಗ ಮಿಷನ್ ಹಿಡಿಬಾರದು ಅಂತ ಹೇಳೀನಿಲ್ಲೋ? ಪೆನ್ನೂ ಅಷ್ಟ. ಒಂದ್ಸಲ ಉಸಿರು ತಗೋ. ಈಗ ಬರಿ."

ಬರೆದೆ. ಹಗ್ಗದ ಹೊರಗೆ ಗದ್ದಲವೆದ್ದಿತು. ಕುಂಕುಮದ ಭಕ್ತ ಉಂಡವಳ್ಳಿಯವನು ಮುಂದೆ ನುಗ್ಗಿ, "ಏಮಮ್ಮಾ, ನೀಕು ಕನ್ನೀರು ಲೇದಾ?" ಎಂದು ತೆಲುಗಿನಲ್ಲಿ ಕಿರುಚಿದ, ನಿನಗೆ ಕಣ್ಣಲ್ಲಿ ನೀರಿಲ್ಲವಾ ಎಂದು. ಇತ್ತು. ಧಾರಾಳವಾಗಿ ಇಳಿಯುತ್ತಿತ್ತು. ಅದಕ್ಕೂ ಫಾರಮ್ಮಿಗೂ ಸಂಬಂಧ ಇರಲಿಲ್ಲ.

ಹದಿನೈದು ದಿನ ಬಿಟ್ಟು ಇನ್ನೊಂದು ಅವಕಾಶ ಇತ್ತು. ಅದು ಸರಿಯಾಗಿ ತಿಂಗಳ ಕೊನೆಯ ದಿನ. ತಪ್ಪಿದರೆ ಎಲ್ಲರ ಪತ್ರವೂ ಹೋಯಿತು. ಆ ಹದಿನೈದು ದಿನ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಗದ್ವಾಲ ಬಸ್ಟ್ಯಾಂಡಿನಲ್ಲಿ ನಾನು ಚಹಾಕ್ಕೆ ನಿಂತರೆ ನಮ್ಮವರು ಲೋಟ ಇಟ್ಟು ಏಳುತ್ತಿದ್ದರು. ಮರ ಬದಲಿಸೋಣ, ನೀಲಗಿರಿ ಮೇಲೆ ಮಾಡಿಸೋಣ, ಬೂಟಿನ ತಂಟೆಯೇ ಇರುವುದಿಲ್ಲ ಎಂದು ಸಾಹೇಬರು ಹೇಳಿ ನೋಡಿದರು. ಉಸ್ತಾದರು ಒಪ್ಪಲಿಲ್ಲ. ಅದೇ ಮರ ಎಂದರು. ಆದರೆ ಅವರ ಮನಸ್ಸಿನಲ್ಲಿ ಏನು ಕೊರೆಯುತ್ತಿತ್ತು ಎಂಬುದು ನನಗೆ ತಿಳಿದದ್ದು ಅವರ ಹೆಂಡತಿ ಫೋನು ಮಾಡಿದಾಗ. ಬೈಸಿಕೊಳ್ಳಲು ಸಿದ್ಧಳಾಗಿ ಫೋನೆತ್ತಿದೆ.

"ಏನ್ ತಂಗಿ, ಬರಿಗಾಲಾಗ ಮಿಷನ್ ಚಾಲೂ ಮಾಡಿದ್ರಂತ? ನನ್ನ ಮುಂದ ಬಾಯೇ ಬಿಟ್ಟಿಲ್ಲ ನೋಡು! ಮನಿಯಾಗ ನಾ ಬರಿಗಾಲಾಗ ಈಳಿಗಿ ಮುಂದ ಕುಂತ್ರ ಒಂದ್ ತಾಸು ಉಪದೇಶ ಮಾಡ್ತಾರ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಕ್ಕಾ, ನನ್ನ ಮ್ಯಾಲ ಸಿಟ್ಟಿಲ್ಲೇನ್ರೀ?"

"ಸಿಟ್ಟ್ಯಾಕ? ಅವರ ಕಾಲು ಉಳಿಸೀದಿ. ಆದ್ರ ಒಂದು ಮಾತು. ಆವತ್ತಿಂದ ನಿದ್ದಿ ಮಾಡ್ವಲ್ರು. ಬೂಟು ಬಿಚ್ಚಿದ್ರ ಮತ್ತ ಎಲ್ಲಿ ಮರಿತೀನೋ ಅಂತ ಅಂಜಿಕಿ. ಬಿಚ್ಚದ ಹೋದ್ರ ತಾಯಿಗೆ ಅಪಚಾರ ಅಂತ ಸಂಕಟ. ನಿನ್ನ ಕಾಗದದಾಗ ಪೂಜಿ ಅವರೇ ಮಾಡಬೇಕು ಅಂತ ಬರದೈತೇನು?"

"ಇಲ್ರಿ."

"ಮತ್ತ ಮುಗೀತಲ್ಲ. ನಾ ಬರ್ತೀನಿ."

ತಿಂಗಳ ಕೊನೆಯ ದಿನ ಅಕ್ಕ ಬಂದರು. ಹಸಿರು ಸೀರೆ, ಕೈಯಲ್ಲಿ ಹಿತ್ತಾಳೆ ಚೊಂಬು. ಉಸ್ತಾದರು ಬೂಟು, ಕವಚ, ಹೆಲ್ಮೆಟ್ಟು ಎಲ್ಲ ಹಾಕಿಕೊಂಡು ಇಪ್ಪತ್ತು ಹೆಜ್ಜೆ ದೂರದಲ್ಲಿ ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತರು. ಅಕ್ಕ ಚಪ್ಪಲಿ ಬಿಟ್ಟು ಹೋಗಿ, ಬುಡಕ್ಕೆ ನೀರು ಹಾಕಿ, ಅರಿಸಿನ ಕುಂಕುಮ ಇಟ್ಟು, ಸೆರಗು ಒಡ್ಡಿ ಬೇಡಿಕೊಂಡರು. ತಿರುಗಿ ನಿಂತು ಎಲ್ಲರಿಗೂ ಕೇಳುವಂತೆ, "ನಿಮ್ಮ ಪಾಲಿಂದೂ ಹೇಳೀನಿ. ತಾಯಿ ಹೂಂ ಅಂದಾಳ. ಬರ್ರಿ ಇನ್ನ" ಅಂದರು. ಚಪ್ಪಲಿ ಮೆಟ್ಟಿ ಹಗ್ಗದ ಆಚೆ ಹೋಗಿ ನಿಂತರು.

ಉಸ್ತಾದರು ಮಿಷನ್ ಚಾಲೂ ಮಾಡಿದರು.

ಬೀಳಬೇಕಾದ ಕಡೆಗೆ ಮೊದಲು ಮರಕ್ಕೊಂದು ಬಾಯಿ ಕೊಯ್ಯಬೇಕು, ಆಮೇಲೆ ಹಿಂದಿನಿಂದ ಕೊಯ್ಯುತ್ತ ಬರಬೇಕು, ನಡುವೆ ಬಾಗಿಲಿನ ಕೀಲಿನಂತೆ ಒಂದಿಷ್ಟು ಕಟ್ಟಿಗೆ ಉಳಿಸಬೇಕು. ಆ ಕೀಲಿನ ಮೇಲೇ ಮರ ತಿರುಗಿ ಬೀಳುವುದು. ಬಾಯಿ ಕೊಯ್ದದ್ದು ಗೆರೆ ಎಳೆದಂತಿತ್ತು. ಹಿಂದಿನ ಕೊಯ್ತ ಅರ್ಧ ಬಂದಾಗ ಮಿಷನ್ನಿನಿಂದ ಹಾರುವ ಪುಡಿ ಹಳದಿ ಇದ್ದದ್ದು ಕಂದು ಬಣ್ಣಕ್ಕೆ ತಿರುಗಿತು. ಒಳಗೆ ಪೊಳ್ಳು! ಅಲ್ಲೇ ನಿಲ್ಲಿಸಿದರು. ಒಂದು ಚಿಟಿಕೆ ಪುಡಿ ಕೈಯಲ್ಲಿ ತಿಕ್ಕಿ ನೋಡಿದರು. ಶೆಡ್ಡಿನ ಕಡೆ ಕೀಲು ಗಟ್ಟಿಯಿಲ್ಲ, ಹೀಗೇ ಮುಂದುವರಿದರೆ ಮರ ತಗಡಿನ ಮೇಲೇ ಹೊರಳುವುದು. ನಾನಾಗಿದ್ದರೆ ಅಲ್ಲಿ ಸೋಲುತ್ತಿದ್ದೆ, ಸುಳ್ಳೇಕೆ ಹೇಳಲಿ. ಅವರು ಗಟ್ಟಿಯಿದ್ದ ಬದಿಯಲ್ಲಿ ಕೀಲನ್ನು ಎರಡರಷ್ಟು ದಪ್ಪ ಬಿಟ್ಟು, ಪೊಳ್ಳಿನ ಬದಿಗೆ ಒಂದರ ಹಿಂದೊಂದು ಬೆಣೆ ಹೊಡೆಯತೊಡಗಿದರು. ಒಂದು ಪೆಟ್ಟು, ಮೇಲೆ ನೋಡುವುದು. ಇನ್ನೊಂದು ಪೆಟ್ಟು, ಮೇಲೆ ನೋಡುವುದು.

ತುದಿಯಲ್ಲಿ ಒಂದು ಕೊಂಬೆ ಅಲ್ಲಾಡಿತು. ಬುಡ ಲಟಲಟ ಅಂದಿತು. ಉಸ್ತಾದರು ತಾವು ಸವರಿದ ದಾರಿಯಲ್ಲಿ ಅವಸರವಿಲ್ಲದೆ ಹಿಂದೆ ನಡೆದರು. ಮರ ಶೆಡ್ಡಿನ ಕಡೆಯಿಂದ ಮೆಲ್ಲಗೆ ಹೊರಳಿ, ತಂತಿಗೂ ತಗಡಿಗೂ ನಡುವಿನ ಆ ಬಂಡಿಯ ಜಾಗದಲ್ಲಿ ಧೊಪ್ಪನೆ ಮಲಗಿತು. ನಾಲ್ಕು ಒಣ ಕಡ್ಡಿ ತಗಡಿನ ಮೇಲೆ ಟಣಟಣ ಅಂದವು, ಅಷ್ಟೇ ನಷ್ಟ.

ಆ ಮೇಲಿನ ಗದ್ದಲವನ್ನು ಬರೆಯಲು ನನಗೆ ಬರುವುದಿಲ್ಲ. ಸೀಟಿ, ಚಪ್ಪಾಳೆ, ನರ್ಸರಿ ಹೆಂಗಸರ ಕೇಕೆ. ಉಂಡವಳ್ಳಿಯವನು ಬೊಬ್ಬೆ ಹಾಕುತ್ತ ಕುಣಿಯುತ್ತಿದ್ದ. ಉಸ್ತಾದರು ಮಾತ್ರ ಯಾರ ಕಡೆಯೂ ನೋಡಲಿಲ್ಲ. ಮಿಷನ್ ಕೆಳಗಿಟ್ಟು ನನ್ನ ಕಡೆ ನೋಡುತ್ತ ನಿಂತರು. ಚಪ್ಪಾಳೆಗೆ ಬೆಲೆ ಇಲ್ಲ, ಹಲಗೆ ಹಿಡಿದವಳು ಇನ್ನೂ ಏನೂ ಹೇಳಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾನು ಬುಡದ ಹತ್ತಿರ ಕೂತು ಟೇಪು ಹಿಡಿದು ಕೀಲು ಅಳೆದೆ, ಬಾಯಿ ಅಳೆದೆ, ಬೆಣೆ ನೋಡಿದೆ, ಹಿಂದೆ ಸರಿದ ದಾರಿಯನ್ನು ನಡೆದು ನೋಡಿದೆ. ಏಳು ನಿಮಿಷ ಕಾಯಿಸಿದೆ. ಅವರು ನನ್ನನ್ನು ಐದು ತಿಂಗಳು ಕಾಯಿಸಿದ್ದರು, ಏನು ಮಹಾ!

ಆಮೇಲೆ ಹೋಗಿ ಕೈ ತೊಳೆದೆ. ಪತ್ರದಲ್ಲಿ ಅವರ ತಂದೆತಾಯಿ ಇಟ್ಟ ಹೆಸರು ಬರೆದೆ, ಗಟ್ಟಿಯಾಗಿ ಓದಿದೆ. ಅಲ್ಲಿದ್ದ ಅರ್ಧಕ್ಕರ್ಧ ಜನ ಆ ಹೆಸರು ಕೇಳಿದ್ದು ಅದೇ ಮೊದಲು. ಸಹಿ ಮಾಡಿ ಕೊಟ್ಟೆ. ಅದರೊಂದಿಗೆ ನಮ್ಮೆಲ್ಲರ ಪತ್ರಗಳೂ ಉಳಿದವು. ಸಾಹೇಬರು ಅಲ್ಲೇ ನಿಂತು ಫೋನಿನಲ್ಲಿ ಸುದ್ದಿ ಮುಟ್ಟಿಸಿದರು. ಉಸ್ತಾದರು ಪತ್ರವನ್ನು ಎರಡೂ ಕೈಯಿಂದ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ಓದಿದರು. ಅವರ ಗಲ್ಲದ ಮೇಲೆ ಇಳಿದದ್ದು ಬೆವರಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಕೆಲವು ತಿಂಗಳಿಗೆ ಅವರ ನಿವೃತ್ತಿ ಬಂತು. ಮಕ್ತಲ್ ಶೆಡ್ಡಿನಲ್ಲೇ ಸಮಾರಂಭ. ಹಾರ, ಶಾಲು, ಮೈಕು. ಮಾತಾಡಿದವರೆಲ್ಲ ಅವರನ್ನು ಹೊಗಳಿ, ನಡುವೆ ಸಂದು ನೋಡಿ ನನ್ನನ್ನೂ ಒಂದೊಂದು ಮಾತಿನಿಂದ ಚುಚ್ಚಿದರು. ಹತ್ತೂರಿಗೆ ಪತ್ರ ಕೊಟ್ಟವರನ್ನೇ ಫೇಲು ಮಾಡಿದ ಕಾಲ ಇದು, ಎಂದೆಲ್ಲ. ನಾನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಕೊನೆಗೆ ಉಸ್ತಾದರು ಎದ್ದರು. ಭಾಷಣ ಬರದ ಮನುಷ್ಯ. ಮೈಕನ್ನು ಮಿಷನ್ನಿನ ಹಾಗೆ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದರು.

"ನಾಳಿಂದ ನನ್ನ ಜಾಗಾದಾಗ ಈಕಿ ಸಹಿ ಮಾಡ್ತಾಳ. ಹಿಂದ ಕುಂತಾಳ ನೋಡ್ರಿ, ಏಳವ್ವಾ, ನಿಂದ್ರು." ನಾನು ಎದ್ದು ನಿಂತೆ. ಅವರು ಅಂಗಿಯ ಜೇಬಿನಿಂದ ಮಡಿಸಿದ ಪತ್ರ ತೆಗೆದು, ಬಿಡಿಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ನಿಮ್ಮ ಪತ್ರದ ಮ್ಯಾಲ ನನ್ನ ಸಹಿ ಐತಿ. ನಂದರ ಮ್ಯಾಲ ಈಕಿದೈತಿ. ಈಕಿ ತನ್ನ ಕೈಯಾರೆ ಮಾಡಿದ ಮೊದಲನೇ ಸಹಿ ಇದು. ಯಾರಿಗೆ ಸಿಕ್ತು? ನನಗ ಸಿಕ್ತು. ನಿಮಗ್ಯಾರಿಗೂ ಇಲ್ಲ."

ಹಾಗೆಂದು ಮೈಕು ಕೆಳಗಿಟ್ಟು, ಹಾರ ತೆಗೆದು ಕುರ್ಚಿಗೆ ಹಾಕಿ, ಪತ್ರವನ್ನು ಎದೆಯ ಮೇಲೆ ಹಿಡಿದುಕೊಂಡೇ ಸಭೆಯ ನಡುವಿನಿಂದ ಹಾಯ್ದು ನನ್ನ ಕಡೆಗೆ ಬಂದರು.